ಗಳಿಗೆ ದಾಟಿಸಿದ ಗಂಟು

ಜಗಲಿ ಸಾರಿಸುತ್ತಿದ್ದೆ. ಕೆಮ್ಮಣ್ಣಿಗೆ ಸಗಣಿ ಕಲಸಿಕೊಂಡು, ಮೂಲೆಯಿಂದ ಬಾಗಿಲ ಕಡೆಗೆ ಅಂಗೈಯಲ್ಲಿ ಎಳೆಯುತ್ತಾ ಬಂದು ಅರ್ಧ ಮುಗಿಸಿದ್ದೆ. ಕೆಳಗಿನ ಕಲ್ಲುಮೆಟ್ಟಿಲ ಮೇಲೆ ಚಪ್ಪಲಿಯ ಪಟಪಟ ಸದ್ದು ಕೇಳಿಸಿತು. ಕಾಠ್ಮಂಡುವಿನಿಂದ ದೂರ, ಗುಡ್ಡದ ಮೇಲಿರುವ ನಮ್ಮ ತಾನ್ಸೇನ್ ಊರಿನ ಏರಿನಲ್ಲಿ ಯಾರೂ ಓಡಿ ಬರುವುದಿಲ್ಲ, ಕೆಟ್ಟ ಸುದ್ದಿ ತರುವವರನ್ನು ಬಿಟ್ಟರೆ. ಹಾಗಾಗಿ ಕೆಮ್ಮಣ್ಣಿನ ಕೈಯಲ್ಲೇ ತಲೆ ಎತ್ತಿ ನೋಡಿದೆ.

ಬಂದವಳು ಬಿಪನಾ, ನನ್ನ ಮೊಮ್ಮಗಳು. ಇಪ್ಪತ್ತು ವರ್ಷದವಳು, ಕಾಲೇಜಿನಲ್ಲಿ ಮೂರನೇ ವರ್ಷ.

"ಬಜೈ!" ಅಂದಳು. ನಮ್ಮಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ. "ಬಜೈ, ನಂಗೇ ಸಿಕ್ತು! ನಾನೇ ಹೋಗೋದು!"

"ಹಸಿ ನೆಲ, ತುಳೀಬೇಡ. ಎಲ್ಲಿಗೆ?"

"ತಾಂಜಾನಿಯಾಕ್ಕೆ! ಆ ಲೋಕೇಂದ್ರ ಹೋಗ್ಬೇಕಿತ್ತಲ್ಲ, ಅಣ್ಣನ ಮದುವೆ ಮೆರವಣಿಗೇಲಿ ಕುಣಿಯೋಕೆ ಹೋಗಿ ಕಾಲು ಮುರ್ಕೊಂಡಿದಾನೆ. ಅವನ ನಂತರ ಪಟ್ಟೀಲಿ ನಾನೇ ಇರೋದು."

"ಬೇರೆಯವರ ಕಾಲು ಮುರಿದದ್ದಕ್ಕೆ ಹೀಗೆ ಹಲ್ಲು ಬಿಡ್ತಾರಾ?"

"ಪಾಪ ಅನ್ಸುತ್ತೆ ಬಜೈ. ಪಾಪ ಅನ್ಕೊಂಡೇ ನಗ್ತಿದೀನಿ."

ನನ್ನ ಕೈ ನಿಂತಿತ್ತು. ಆ ದೇಶದ ಹೆಸರನ್ನು ನಾನು ಕೇಳಿರಲಿಲ್ಲ. "ಅದು ಕೊಲ್ಲಿ ದೇಶಗಳ ಕಡೆಯಾ?" ಎಂದು ಕೇಳಿದೆ.

"ಕೊಲ್ಲಿ ಅಲ್ಲ, ಆಫ್ರಿಕಾ. ಅದು ಬೇರೇನೇ. ಬೇಸಿಗೆ ರಜೇಲಿ ಎರಡೇ ತಿಂಗಳು. ನಮ್ಮ ಥರಾನೇ ಗುಡ್ಡದ ಹಳ್ಳಿಯಂತೆ. ಅಲ್ಲಿ ಹೆಂಗಸರು ನೀರಿನ ಕಮಿಟಿ ಮಾಡ್ಕೋತಿದಾರೆ. ಅವರ ಜೊತೆ ಇದ್ದು ಕೆಲಸ ಕಲಿಯೋದು, ನಮ್ಮೂರಲ್ಲಿ ಹೇಗೆ ಮಾಡಿದ್ರು ಅಂತ ಹೇಳೋದು. ನೀನು ಎಂಟು ವರ್ಷ ನಲ್ಲಿ ಕಮಿಟಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡಿದೆಯಲ್ಲ, ಅದನ್ನೇ ಅಲ್ಲಿ ಹೇಳ್ಕೊಡೋದು."

"ನೀರು ಕದಿಯೋರನ್ನ ಬೈಯೋದನ್ನೂ ಹೇಳ್ಕೊಡ್ತೀಯಾ?"

"ಅದೇ ಮೊದಲನೇ ಪಾಠ."

ನಗು ಬಂದಂತಾಯಿತು. ಅಷ್ಟರಲ್ಲಿ ಅವಳು ದನಿ ತಗ್ಗಿಸಿದಳು. "ನಡುವೆ ಒಂದು ಕಡೆ ವಿಮಾನ ಬದಲಾಯಿಸ್ಬೇಕು, ಅಷ್ಟೆ."

"ಎಲ್ಲಿ?"

ಬಿಪನಾ ಚಪ್ಪಲಿಯ ತುದಿ ನೋಡುತ್ತಾ ನಿಂತಳು. "ಕೊಲ್ಲೀಲಿ. ನಾಲ್ಕೇ ಗಂಟೆ ಬಜೈ. ವಿಮಾನ ನಿಲ್ದಾಣದಿಂದ ಹೊರಗೆ ಕಾಲೂ ಇಡಲ್ಲ."

ಸಾರಿಸಿದ ಜಾಗವನ್ನೇ ಮತ್ತೆ ಸಾರಿಸಿದೆ, ಮತ್ತೂ ಒಮ್ಮೆ ಸಾರಿಸಿದೆ. ಹೊರಡಲು ಇನ್ನು ಹತ್ತೊಂಬತ್ತು ದಿನ.

ಇದನ್ನು ಹೇಳದೆ ಮುಂದೆ ಹೋದರೆ ನನ್ನ ಅಂಜಿಕೆ ಹುಚ್ಚಾಟದಂತೆ ಕಾಣುತ್ತದೆ. ಬಿಪನಾಳ ತಾಯಿ ಹಿಮಕಲಾ, ನನ್ನ ಒಬ್ಬಳೇ ಮಗಳು. ಗಂಡ ಕೆಳಗಿನ ಬಯಲುಸೀಮೆ ತರಾಯಿಯಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ನಾಲ್ಕು ವರ್ಷದ ಕೂಸನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಿದ್ದಳು. ಇಬ್ಬರೂ ಶಾಲು, ಟೋಪಿಗಳಿಗೆ ಆಗುವ ಹೂವಿನ ಢಾಕಾ ಬಟ್ಟೆ ನೇಯುತ್ತಿದ್ದೆವು. ಆಗ ಒಬ್ಬ ಮನುಷ್ಯ ಬಂದ. ಇಸ್ತ್ರಿ ಅಂಗಿ ಹಾಕಿದ್ದ, ಮೆದು ಮಾತು. ಹೆತ್ತ ತಾಯಿಯನ್ನು ಕರೆದಂತೆ ನನ್ನನ್ನು ಆಮಾ ಆಮಾ ಎಂದು ಕರೆದು ಗುಂದ್ರುಕ್ ಸೊಪ್ಪಿನ ಸಾರನ್ನು ಮೂರು ಸಲ ಬಡಿಸಿಕೊಂಡು ಉಂಡ. ಉಂಡು ಕೈ ತೊಳೆದು ಕಾಗದ ತೆಗೆದು ಓದಿ ಹೇಳಿದ: ಕೊಲ್ಲಿಯ ಪಟ್ಟಣದಲ್ಲಿ ಒಳ್ಳೆಯ ಮನೆ, ಇಬ್ಬರು ಮಕ್ಕಳಿಗೆ ಅಡುಗೆ, ಎರಡು ವರ್ಷಕ್ಕೆ ವಾಪಸ್ಸು. ಮನೆ ಹಿರಿಯರ ಒಪ್ಪಿಗೆ ಬೇಕು ಅಂದ. ಮಸಿಯ ಡಬ್ಬಿಯನ್ನೂ ಅವನೇ ತಂದಿದ್ದ. ನಾನು ಎರಡೂ ಹೆಬ್ಬೆಟ್ಟು ಒತ್ತಿದೆ.

ಹಿಮಕಲಾ ಏಳು ತಿಂಗಳು ಎದುರಿನ ಅಂಗಡಿಗೆ ಫೋನು ಮಾಡುತ್ತಿದ್ದಳು. ಎಂಟನೆಯ ತಿಂಗಳಿಂದ ಇಲ್ಲ. ಕೇಳಿಕೊಂಡು ಸರ್ಕಾರಿ ಕಚೇರಿಗೆ ಹೋದಾಗ ಒಬ್ಬ ಎಳೆವಯಸ್ಸಿನ ಅಧಿಕಾರಿ ಆ ಕಾಗದದ ಪ್ರತಿ ತರಿಸಿ ಓದಿದ. ಯಜಮಾನ ಯಾವ ದೇಶಕ್ಕೆ ಕಳಿಸಿದರೂ ಹೋಗತಕ್ಕದ್ದು. ಪಾಸ್‌ಪೋರ್ಟು ಯಜಮಾನನ ವಶ. ಮನೆಯವರ ತಕರಾರು ಇಲ್ಲ. ಓದಿದವನ ಮುಖವೇ ಸಣ್ಣದಾಗಿತ್ತು. ಕಾಗದವನ್ನು ನನ್ನ ಕಡೆಗೆ ತಿರುಗಿಸಿ, "ಇದು ನಿಮ್ದೇ ಹೆಬ್ಬೆಟ್ಟಾ ಆಮಾ?" ಎಂದು ಕೇಳಿದ. ನನ್ನದೇ. ಬಲ ಹೆಬ್ಬೆಟ್ಟಿನಲ್ಲಿ ಮಗ್ಗದ ದಾರ ಕೊಯ್ದ ಅಡ್ಡಗೆರೆ ಇದೆ; ಕಾಗದದ ಮೇಲೂ ಇತ್ತು.

ಹದಿನಾರು ವರ್ಷವಾಯಿತು. ಇದ್ದಾಳೆ ಎಂದು ಯಾರೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಆ ಚಳಿಗಾಲವೇ ನಾನು ರಾತ್ರಿ ಶಾಲೆಗೆ ಸೇರಿದೆ. ನಲವತ್ತೆಂಟು ವರ್ಷದವಳು, ಬಲಗೈಯಲ್ಲಿ ಲಾಟೀನು, ಎಡಗೈಯಲ್ಲಿ ಮೊಮ್ಮಗಳು. ಇನ್ನು ಮೇಲೆ ಓದದ ಕಾಗದಕ್ಕೆ ಬೆರಳು ಒತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡಿದ್ದೆ. ಎರಡು ಚಳಿಗಾಲ ಕಳೆದ ಮೇಲೆ ಪಾಠ ಹೇಳುವ ಗುರುಮಾ, "ಇಷ್ಟದವರಿಗೆ ಒಂದು ಕಾಗದ ಬರೀರಿ," ಎಂದರು. ಎಲ್ಲರೂ ಬರೆದರು, ನಾನೂ ಬರೆದೆ. ಉಳಿದವರ ಕಾಗದ ಅಂಚೆಗೆ ಹೋಯಿತು. ನನ್ನದಕ್ಕೆ ವಿಳಾಸವಿರಲಿಲ್ಲ. ಅದು ಇವತ್ತಿಗೂ ಪೆಟ್ಟಿಗೆಯ ತಳದಲ್ಲಿದೆ.

ಇನ್ನು ಬಿಪನಾಳ ಸಿದ್ಧತೆಗೆ ಬರುತ್ತೇನೆ. ಕಾಲೇಜಿನವರು ಕೊಟ್ಟ ಪಟ್ಟಿಯನ್ನು ಅವಳು ಮಗ್ಗದ ಕಂಬಕ್ಕೆ ಅಂಟಿಸಿದಳು. ನಾನು ನೇಯುತ್ತಾ ಕೂತಾಗೆಲ್ಲ ಅದೇ ಕಣ್ಣಿಗೆ ಬೀಳುತ್ತಿತ್ತು. ಹಳದಿ ಜ್ವರದ ಚುಚ್ಚುಮದ್ದು. ಮಲೇರಿಯಾ ಮಾತ್ರೆ. ಸೊಳ್ಳೆ ಪರದೆ. ಟಾರ್ಚು. ರಕ್ತದ ಗುಂಪು ಬರೆದ ಚೀಟಿ. ರಕ್ತದ ಗುಂಪು ಯಾಕೆ ಬೇಕು ಎಂದು ಕೇಳಿದೆ. "ಸುಮ್ನೆ ಬಜೈ, ಎಲ್ರಿಗೂ ಬರೆಸ್ತಾರೆ," ಅಂದಳು. ಸುಮ್ಮನೆ ಯಾರೂ ರಕ್ತದ ವಿಷಯ ಬರೆಸುವುದಿಲ್ಲ. ಆ ದಿನ ನೇಯ್ದ ನಾಲ್ಕು ಬೆರಳು ಬಟ್ಟೆಯಲ್ಲಿ ಹೂವಿನ ಎಳೆ ತಪ್ಪಿತ್ತು. ಮಾರನೆಯ ದಿನ ಬಿಚ್ಚಿ ಮತ್ತೆ ನೇಯ್ದೆ. ಅದು ಅವಳು ಉಳಿದುಕೊಳ್ಳುವ ಮನೆಯ ಹೆಂಗಸಿಗೆ ಕೊಡಲು ನೇಯುತ್ತಿದ್ದ ಶಾಲು. ನನಗೆ ಗೊತ್ತಿಲ್ಲದ ಹೆಂಗಸು. ನನ್ನ ಮಗಳಿಗೂ ಅಲ್ಲಿ ಗೊತ್ತಿಲ್ಲದ ಹೆಂಗಸೊಬ್ಬಳು ಬಾಗಿಲು ತೆಗೆದಿರಬೇಕಲ್ಲವೇ ಎಂದುಕೊಂಡರೆ ಲಾಳಿ ಕೈಯಿಂದ ಜಾರುತ್ತಿತ್ತು.

ಎದುರು ಮನೆಯ ರತ್ನಮಾಯಾ ಸಾಹುನಿ ತನ್ನ ಅಂಗಡಿಯ ಜಗಲಿಯಲ್ಲೇ ಕೂತು ಹಿತ್ತಾಳೆ ಗಿಂಡಿಗಳಿಗೆ ಹುಣಸೆಹಣ್ಣು ಉಜ್ಜುತ್ತಾ ದಿನವೂ ಕೂಗುತ್ತಿದ್ದಳು. ಅವಳು ನೇವಾರ್ ವ್ಯಾಪಾರಿಗಳ ಮನೆಯ ವಿಧವೆ, ಅಂಗಡಿಯ ಒಡತಿಯಾದ್ದರಿಂದ ಓಣಿಗೆಲ್ಲ ಸಾಹುನಿ, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಬಿಪನಾಳನ್ನು ಕರೆಯುವುದು ನಾನಿ, ಅಂದರೆ ಮಗು ಎಂದು.

"ಏ ನಾನಿ, ಅಲ್ಲಿ ಸಿಂಹ ಇದೆಯಂತಲ್ಲೇ!"

"ಇದೆ ಸಾಹುನಿ ಬಜೈ, ಆದ್ರೆ ನಾನಿರೋ ಗುಡ್ಡದಲ್ಲಿಲ್ಲ."

"ನಾನು ನಿನಗೋಸ್ಕರ ಹೇಳ್ತಿಲ್ಲ, ಸಿಂಹಕ್ಕೋಸ್ಕರ ಹೇಳ್ತಿದೀನಿ. ನಿನ್ನ ಬಾಯಿ ತಡ್ಕೊಳ್ಳೋಕೆ ಅದಕ್ಕಾಗುತ್ತಾ?"

ಬಿಪನಾ ನಕ್ಕಳು, ರತ್ನಮಾಯಾ ನಕ್ಕಳು. ನಾನು ಮಗ್ಗದ ಹಿಂದೆ ಕೂತು ಇಬ್ಬರ ನಗುವನ್ನೂ ಕೇಳುತ್ತಿದ್ದೆ. ಹಿಮಕಲಾ ಹೊರಡುವ ವಾರವೂ ಈ ಓಣಿಯಲ್ಲಿ ಬಹಳ ನಗುವಿತ್ತು.

ಹೊರಡಲು ಹದಿಮೂರು ದಿನ ಇರುವಾಗ ಕಾಗದ ಬಂತು. ಮನೆಯ ಹಿರಿಯರ ಒಪ್ಪಿಗೆ ಪತ್ರ, ನಾಲ್ಕು ಪುಟ. ಮೇಲೆ ಕಾಲೇಜಿನ ಮೊಹರು, ಪ್ರಾಂಶುಪಾಲರ ರುಜು. ಪ್ರಾಂಶುಪಾಲರು ಅದಕ್ಕೆ ರುಜು ಹಾಕಿ ಆ ಸಂಜೆಯೇ ಊರು ಬಿಟ್ಟಿದ್ದರು, ಹಾಗಾಗಿ ಇನ್ನೊಂದು ಪ್ರತಿ ಸಿಗುವಂತಿರಲಿಲ್ಲ. ಮುಂದಿನ ವಾರದ ಬುಧವಾರದೊಳಗೆ ಕಾಠ್ಮಂಡುವಿನ ಸಂಸ್ಥೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು, ಅಂಚೆ ಮುದ್ರೆಯ ತಾರೀಕು ನೋಡುತ್ತಾರೆ, ಒಂದು ದಿನ ತಡವಾದರೂ ಪಟ್ಟಿಯಲ್ಲಿ ಮೂರನೆಯವರನ್ನು ಕರೆಯುತ್ತಾರೆ ಎಂದು ಬಿಪನಾ ಹೇಳಿದಳು.

ಕನ್ನಡಕ ಹಾಕಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದೆ. ಒಂದಕ್ಷರವೂ ನನ್ನದಲ್ಲ. ಅಷ್ಟೂ ಇಂಗ್ಲಿಷು.

ಬಿಪನಾ ಪಕ್ಕದಲ್ಲಿ ಕೂತು ನಾಲ್ಕು ಪುಟವನ್ನೂ ನಮ್ಮ ಮಾತಿನಲ್ಲಿ ಓದಿ ಹೇಳಿದಳು. ವಿಮೆ, ಊಟ, ವಸತಿ, ಜಡ್ಡಾದರೆ ಯಾರು ನೋಡುತ್ತಾರೆ, ಎಲ್ಲವನ್ನೂ ಹೇಳಿದಳು. ಓದಿ ಮುಗಿಸಿ ಪೆನ್ನು ಚಾಚಿದಳು.

"ನಾಳೆ ಹಾಕ್ತೀನಿ," ಅಂದೆ.

ನಾಳೆ ಬಂತು. "ಕಣ್ಣು ಉರೀತಿದೆ ಇವತ್ತು," ಅಂದೆ. ಅದರ ಮಾರನೆಯ ದಿನ ಮಂಗಳವಾರ, ಮಂಗಳವಾರ ಬೇಡ ಅಂದೆ. ಅವಳು ತಾಳ್ಮೆಯಿಂದಲೇ ಇದ್ದಳು. ಗುರುವಾರ ಸಂಜೆ ಗಂಜಿ ಮುಂದಿಟ್ಟುಕೊಂಡು ಮೆಲ್ಲಗೆ ಕೇಳಿದಳು:

"ಬಜೈ, ನಾನು ಓದಿ ಹೇಳಿದೀನಲ್ಲ. ಇನ್ನೇನು?"

"ಅವನೂ ಓದಿ ಹೇಳಿದ್ದ."

ಬಾಯಿಂದ ಬಿದ್ದ ಮೇಲೆ ತಿಳಿಯಿತು ನಾನು ಏನಂದೆ ಎಂದು. ಎದೆಯ ಮೇಲೆ ಮಲಗಿಸಿಕೊಂಡು ಸಾಕಿದ ಕೂಸನ್ನು ಆ ಇಸ್ತ್ರಿ ಅಂಗಿಯವನ ಪಕ್ಕದಲ್ಲಿ ನಿಲ್ಲಿಸಿದ್ದೆ. ಬಿಪನಾ ಚಮಚ ಕೆಳಗಿಟ್ಟಳು. ಎದ್ದು ಹೋಗಿ ತಟ್ಟೆ ತೊಳೆದಳು, ನನ್ನದನ್ನೂ ತೊಳೆದಳು.

ಶುಕ್ರವಾರ ನಾನು ಜೋಯಿಸರ ಮನೆಗೆ ಹೋದೆ. ನಮ್ಮಲ್ಲಿ ದೂರ ಹೊರಡುವವರು ಗಳಿಗೆ ನೋಡದೆ ಹೊಸ್ತಿಲು ದಾಟುವುದಿಲ್ಲ. ಹಿಮಕಲಾ ಹೊರಟಾಗ ಆ ಮನುಷ್ಯ ಅವಸರ ಮಾಡಿದ, ಗಳಿಗೆ ನೋಡಿಸಲಿಲ್ಲ. ಅದೂ ನನ್ನ ಲೆಕ್ಕದಲ್ಲಿರುವ ತಪ್ಪು. ಜೋಯಿಸರು ಪಂಚಾಂಗ ಬಿಡಿಸಿ ಕೇಳಿದರು:

"ಯಾವ ದಿಕ್ಕು?"

"ಆಫ್ರಿಕಾ."

"ಆಫ್ರಿಕಾ ಅಂತ ದಿಕ್ಕಿಲ್ಲ ತಾಯಿ. ಪೂರ್ವವೋ ಪಶ್ಚಿಮವೋ ಹೇಳಿ."

ಬಿಪನಾ ಬೆಳಿಗ್ಗೆಯೇ ನಕ್ಷೆ ನೋಡಿ ಹೇಳಿದ್ದಳು, ಪಶ್ಚಿಮ ಎಂದೆ. ಭಾನುವಾರ ಬೆಳಿಗ್ಗೆ ಬಿಟ್ಟರೆ ಮುಂದೆ ಹನ್ನೆರಡು ದಿನ ಪಶ್ಚಿಮಕ್ಕೆ ಗಳಿಗೆಯೇ ಇಲ್ಲ ಎಂದರು ಜೋಯಿಸರು. ಅವಳ ಪ್ರಯಾಣ ಮುಂದಿನ ವಾರದ ಶನಿವಾರ. ಅದಕ್ಕೆ ನಮ್ಮ ಹಿರಿಯರು ದಾರಿ ಮಾಡಿಟ್ಟಿದ್ದಾರೆ: ಮನುಷ್ಯರು ಹೊರಡಲಾಗದಿದ್ದರೆ ಅವರ ಗಂಟು ಹೊರಡಬೇಕು. ಒಳ್ಳೆಯ ಗಳಿಗೆಯಲ್ಲಿ ಹೊರಡುವವರ ಬಟ್ಟೆಯೊಂದನ್ನು ಅಡಿಕೆ, ಅಕ್ಕಿ, ಅರಿಶಿನ, ಒಂದು ನಾಣ್ಯದ ಜೊತೆ ಕಟ್ಟಿ ಆ ದಿಕ್ಕಿನ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊರಟಿತೆಂದರೆ ಪ್ರಯಾಣ ಶುರುವಾಯಿತು. ಆಮೇಲೆ ಹೊರಡುವ ದಿನ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋಗುವುದು. ಇದಕ್ಕೆ ಗಳಿಗೆ ದಾಟಿಸುವುದು ಅನ್ನುತ್ತೇವೆ. ನಮ್ಮ ಮನೆಗೆ ಪಶ್ಚಿಮವೆಂದರೆ ಓಣಿಯಾಚೆಯ ರತ್ನಮಾಯಾಳ ಮನೆ, ಮೂರೇ ಹೆಜ್ಜೆ.

"ಮಾಡು ಬಜೈ, ನಿಂಗೆ ಸಮಾಧಾನ ಆಗೋದಾದ್ರೆ ಮಾಡು," ಎಂದಳು ಬಿಪನಾ. "ಆದ್ರೆ ಬುಧವಾರ ನೆನಪಿರ್ಲಿ."

ಭಾನುವಾರ ಬೆಳಿಗ್ಗೆ ಹಳದಿ ಬಟ್ಟೆ ಹಾಸಿ ಅವಳ ಹಸಿರು ಕೊರಳುವಸ್ತ್ರ ಮಡಚಿಟ್ಟೆ. ಅಡಿಕೆ, ಅರಿಶಿನ, ನಾಣ್ಯ ಇಟ್ಟೆ, ಹಿಡಿ ಅಕ್ಕಿ ಇಟ್ಟೆ. ಆಮೇಲೆ ಪೆಟ್ಟಿಗೆಯಿಂದ ಆ ನಾಲ್ಕು ಪುಟ ತೆಗೆದು ಕೊರಳುವಸ್ತ್ರದ ಮಡಿಕೆಯೊಳಗೆ ಸೇರಿಸಿ ಗಂಟು ಬಿಗಿದೆ.

ಯಾಕೆ ಎಂದು ಕೇಳಿದರೆ ಆಗ ನನಗೆ ನಾನೇ ಹೇಳಿಕೊಂಡದ್ದು ಒಂದು: ಪ್ರಯಾಣಕ್ಕೆ ಮುಖ್ಯವಾದದ್ದು ಗಂಟಿನಲ್ಲಿರಲಿ, ದೇವರು ನೋಡಿಕೊಳ್ಳುತ್ತಾನೆ. ನಿಜ ಬೇರೆ. ಕಣ್ಣಿಗೆ ಕಾಣದ ಕಡೆ ಹೋಗಿಬಿಟ್ಟರೆ ಬುಧವಾರ ತಾನಾಗಿ ದಾಟಿಹೋಗುತ್ತದೆ ಅನ್ನಿಸಿತ್ತು. ರತ್ನಮಾಯಾ ಗಂಟನ್ನು ಎರಡೂ ಕೈಯಲ್ಲಿ ಈಸಿಕೊಂಡು ತನ್ನ ದೇವರ ಗೂಡಿನ ಕೆಳಗಿಟ್ಟಳು. ಮೂರು ದಿನ ನಾನು ಆ ಬಾಗಿಲ ಕಡೆಗೆ ನೋಡಲಿಲ್ಲ. ತಡೆದರೆ ಅವಳ ಬಾಳು ಕಟ್ಟಿಹಾಕಿದಂತೆ, ಕಳಿಸಿದರೆ ಹಿಮಕಲಾಳ ದಾರಿ. ಮಗ್ಗದ ಮುಂದೆ ಕೂತರೆ ಎರಡೂ ಕಡೆಯಿಂದ ಎಳೆದಂತಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಬಿಪನಾ ಪೆಟ್ಟಿಗೆ ತೆರೆದಳು. ಸೀರೆಗಳನ್ನು ಎತ್ತಿದಳು, ಹಾಸಿಗೆ ಮಗುಚಿದಳು, ಅಕ್ಕಿ ಡಬ್ಬದ ಹಿಂದೆ ನೋಡಿದಳು.

"ಬಜೈ, ಕಾಗದ ಎಲ್ಲಿ?"

ನೂಲು ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ.

"ಬಜೈ!"

"ಗಂಟಿನಲ್ಲಿದೆ."

ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದೇ ಹಾರಿ ಓಣಿ ದಾಟಿದಳು. ನಾನೂ ಹಿಂದೆಯೇ ಹೋದೆ.

"ಸಾಹುನಿ ಬಜೈ, ಗಂಟು ಕೊಡಿ! ಮನೇಲಿ ಒಂದು ಕಾಗದಕ್ಕೆ ರುಜು ಹಾಕಿಸ್ಬಿಟ್ಟು ವಾಪಸ್ ತರ್ತೀನಿ."

ರತ್ನಮಾಯಾ ಹುಣಸೆಹಣ್ಣಿನ ಕೈಗಳನ್ನು ಬಾಗಿಲ ಎರಡೂ ಕಡೆಗೆ ಚಾಚಿ ನಿಂತಳು. "ಮನೆಗೆ ತಗೊಂಡ್ ಹೋಗ್ತೀಯಾ? ತಲೆ ಕೆಟ್ಟಿದೆಯೇನೇ ನಿಂಗೆ? ಹೊರಟ ಗಂಟು ಹಿಂದಕ್ಕೆ ಹೊಸ್ತಿಲು ದಾಟಿದ್ರೆ ಪ್ರಯಾಣ ಮುರೀತು. ನಮ್ಮ ಮಾವನೋರ ಅಣ್ಣ ಲಾಸಾಕ್ಕೆ ವ್ಯಾಪಾರಕ್ಕೆ ಹೊರಟಿದ್ದೋರು, ಹುಕ್ಕಾ ಮರೆತೆ ಅಂತ ಗಂಟು ಹಿಡ್ಕೊಂಡೇ ಒಳಗೆ ಬಂದ್ರು. ಲಾಸಾ ಇರ್ಲಿ, ಆಮೇಲೆ ಕೆಳಗಿನ ಬುಟ್ವಲನ್ನೂ ನೋಡ್ಲಿಲ್ಲ."

"ಯಾಕೆ, ತೀರ್ಕೊಂಡ್ರಾ?"

"ಇಲ್ಲ, ಮದುವೆ ಆಯ್ತು. ಸಾಯೋವರ್ಗೂ ಇದೇ ಅಂಗಡೀಲಿ ಹಿತ್ತಾಳೆ ತೂಗಿದ್ರು."

ಬೇರೆ ದಿನವಾಗಿದ್ದರೆ ಬಿಪನಾ ಬಿದ್ದು ಬಿದ್ದು ನಗುತ್ತಿದ್ದಳು. "ಹಾಗಾದ್ರೆ ಇಲ್ಲೇ ಬಿಚ್ತೀನಿ."

"ಹೊರಡೋಳು ಬಿಚ್ಚೋ ಹಾಗಿಲ್ಲ. ಹೊರಟ ಮೇಲೆ, ದಾರೀಲಿ. ಈಗ ಬಿಚ್ಚೋದಾದ್ರೆ ಕಟ್ಟಿದ ಕೈಯೇ ಬಿಚ್ಬೇಕು."

ಬಿಪನಾ ನನ್ನ ಕಡೆ ತಿರುಗಿದಳು. "ಬೇಕೂಂತಲೇ ಇಟ್ಟೆಯಲ್ವಾ?"

"ಹೂಂ."

"ನೀನು ಬೇಡ ಅಂದ್ರೆ ನಾನು ಹೋಗಲ್ಲ ಬಜೈ. ಆಣೆಗೂ ಹೋಗಲ್ಲ. ಆದ್ರೆ ಬಾಯಿಬಿಟ್ಟು ಹೇಳು. ಗಂಟಿನ ಮೇಲೆ ಹಾಕ್ಬೇಡ."

ಹಾಗೆಂದು ಕೆಳಗಿನ ಮೆಟ್ಟಿಲಿಗೆ ಹೋಗಿ ನಮಗೆ ಬೆನ್ನು ಮಾಡಿ ಕೂತಳು. ಬೈತಲೆ ಸ್ವಲ್ಪ ಎಡಕ್ಕೆ ಸೊಟ್ಟ, ತಾಯಿಯದೂ ಹಾಗೇ ಇತ್ತು. ಹಿಮಕಲಾ ಇದೇ ಮೆಟ್ಟಿಲಿಳಿದು ಹೋದದ್ದು. ಹೊರಟವರು ತಿರುಗಿ ನೋಡಬಾರದೆಂದು ನಾನೇ ಹೇಳಿಕೊಟ್ಟಿದ್ದೆ, ಅವಳು ನೋಡಲಿಲ್ಲ.

ರತ್ನಮಾಯಾ ಒಳಗಿಂದ ಗಂಟು ತಂದು ನನ್ನ ಕೈಯಲ್ಲಿಟ್ಟಳು. ದನಿ ಇಳಿಸಿ, "ದಿದಿ, ಮೂರು ಹೆಜ್ಜೆ. ದಾಟಿಬಿಟ್ರೆ ಮುಗೀತು," ಎಂದಳು. "ಮರೆವು, ವಯಸ್ಸಾಯ್ತು, ಗೊತ್ತಾಗ್ದೆ ತಂದ್ಬಿಟ್ಲು ಅಂತೀನಿ ನಾನು. ನಿನ್ನ ಮೇಲೆ ಯಾರೂ ತಪ್ಪು ಹೊರಿಸಲ್ಲ. ಹಿಮಕಲಾ ಫೋನ್ ಬರುತ್ತೆ ಅಂತ ನೀನು ನನ್ನ ಜಗಲೀಲಿ ಎಷ್ಟು ತಿಂಗಳು ಕೂತಿದ್ದೆ ಅಂತ ನಾನು ನೋಡಿಲ್ವಾ?"

ಗಂಟು ಹಗುರವಾಗಿತ್ತು. ಒಂದು ಹೆಜ್ಜೆ ಓಣಿಗೆ ಇಟ್ಟೆ. ಎದುರಿಗೆ ನನ್ನ ಜಗಲಿ, ಮೂರು ಸಲ ಸಾರಿಸಿದ ಮೂಲೆ ದಪ್ಪಗಾಗಿ ಬಿರುಕು ಬಿಟ್ಟಿತ್ತು. ಇನ್ನೆರಡು ಹೆಜ್ಜೆ ಹಾಕಿದರೆ ಅವಳು ಇಲ್ಲೇ ಇರುತ್ತಾಳೆ. ಬೆಳಿಗ್ಗೆ ಎದ್ದರೆ ಕಾಣುತ್ತಾಳೆ, ಸಂಜೆ ಕಾಣುತ್ತಾಳೆ. ಬೆರಳು ಒತ್ತಿದಾಗ ಬಟ್ಟೆಯೊಳಗೆ ಕಾಗದ ಸರಸರ ಎಂದಿತು.

ಆಗ ಅನ್ನಿಸಿತು, ಇದರಲ್ಲೇನಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಂದು ಓದದೆ ಹೂಂ ಅಂದೆ. ಇಂದು ಓದದೆ ಊಹೂಂ ಅನ್ನುತ್ತಿದ್ದೇನೆ. ಇದು ಅದೇ ತಪ್ಪಿನ ತಂಗಿ.

ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದು ರತ್ನಮಾಯಾಳ ಜಗಲಿಯ ಮೇಲೇ ಕೂತೆ. ಗಂಟು ಬಿಚ್ಚಿದೆ. ಅಕ್ಕಿ ಚೆಲ್ಲದಂತೆ ಕಾಗದ ತೆಗೆದು ಬಟ್ಟೆ ಮತ್ತೆ ಬಿಗಿದು ಅವಳ ಕೈಗೆ ಕೊಟ್ಟೆ.

"ಇದನ್ನ ಒಳಗಿಡು ಸಾಹುನಿ. ಒಂದು ಪೆನ್ನು ಕೊಡು, ನಿನ್ನ ಬಿಲ್ ಪುಸ್ತಕದಿಂದ ಎರಡು ಹಾಳೆ ಹರ್ಕೊಡು. ನಾನಿ, ಬಾ ಇಲ್ಲಿ."

ಬಿಪನಾ ಎದ್ದು ಬಂದಳು. ಕಣ್ಣು ಕೆಂಪಾಗಿತ್ತು.

"ಮೊದಲನೇ ಸಾಲಿಂದ ಓದು. ಒಂದೊಂದೇ ಸಾಲು. ನಾನು ನನ್ನ ಅಕ್ಷರದಲ್ಲಿ ಬರ್ಕೋತೀನಿ. ತಿಳೀದಿದ್ರೆ ಕೇಳ್ತೀನಿ."

"ನಾಲ್ಕು ಪುಟ ಬಜೈ! ನಾಲ್ಕು ಗಂಟೆಗೆ ಅಂಚೆ ಕಚೇರಿ ಮುಚ್ತಾರೆ."

"ಹದಿನಾರು ವರ್ಷದಿಂದ ಬರೆಯೋದು ಕಲ್ತಿದೀನಿ. ಓದು."

ಅವಳು ಓದಿದಳು, ನಾನು ಬರೆದೆ. ನನ್ನ ಬರವಣಿಗೆ ನಿಧಾನ. ಅಕ್ಷರದ ತಲೆಗೆರೆ ಎಳೆಯುವಾಗ ಉಸಿರು ಹಿಡಿಯುತ್ತೇನೆ. ಯಾರ ಮನೆಯಲ್ಲಿ ಇರುತ್ತಾಳೆ? ಹೆಸರು ಬರೆದಿದೆ. ಆ ಹೆಂಗಸಿಗೆ ಎಷ್ಟು ಮಕ್ಕಳು? ಅದು ಬರೆದಿಲ್ಲ. ಜ್ವರ ಬಂದರೆ? ಹತ್ತಿರದ ಆಸ್ಪತ್ರೆ ಒಂದೂವರೆ ಗಂಟೆ ದಾರಿ, ಖರ್ಚು ಸಂಸ್ಥೆಯದು. ಅವಳಿಗೇ ಬೇಡವೆನಿಸಿದರೆ? ಯಾವ ದಿನ ಬೇಕಾದರೂ ಹಿಂತಿರುಗಬಹುದು.

"ಪಾಸ್‌ಪೋರ್ಟು ಯಾರ ಹತ್ರ ಇರುತ್ತೆ?"

"ನನ್ನ ಹತ್ರಾನೇ. ನೋಡು, ಮೂರನೇ ಪುಟ, ಈ ದಪ್ಪ ಅಕ್ಷರದ ಸಾಲು."

"ಪಾಸ್‌ಪೋರ್ಟು ತಗೊಂಡ್ ಬಾ."

ಅವಳು ಓಡಿ ಹೋಗಿ ತಂದಳು. ಅದರ ಹೊದಿಕೆಯ ಮೇಲೆ ನಮ್ಮ ಅಕ್ಷರದ ಕೆಳಗೆ ಇಂಗ್ಲಿಷಿನಲ್ಲೂ ಬರೆದಿತ್ತು. ಹೊದಿಕೆಯ ಮೇಲೊಂದು ಬೆರಳು, ಕಾಗದದ ಮೇಲೊಂದು ಬೆರಳು ಇಟ್ಟು ಒಂದೊಂದೇ ಅಕ್ಷರದ ಆಕಾರ ಹೋಲಿಸಿದೆ. ನಡುವೆ ಹಾವಿನಂಥ ಅಕ್ಷರ ಎರಡು ಜೊತೆಯಾಗಿವೆ. ಇಲ್ಲೂ ಇವೆ, ಅಲ್ಲೂ ಇವೆ. ಆ ಇಡೀ ಕಾಗದದಲ್ಲಿ ನಾನೇ ಕಂಡುಹಿಡಿದ ಮಾತು ಅದೊಂದು. ಅಷ್ಟಕ್ಕೇ ಬೆನ್ನು ಸ್ವಲ್ಪ ನೆಟ್ಟಗಾಯಿತು. ಭಯ ಹೋಯಿತೆಂದು ಹೇಳಲಾರೆ. ಅದು ಪಕ್ಕಕ್ಕೆ ಸರಿದು ಕೂತಿತು, ಎದ್ದು ಹೋಗಲಿಲ್ಲ.

ಬರೆದು ಮುಗಿಸುವಷ್ಟರಲ್ಲಿ ಬಿಲ್ ಪುಸ್ತಕದ ಐದು ಹಾಳೆಯಾಗಿತ್ತು. ಕೊನೆಯ ಹಾಳೆಯಲ್ಲಿ ಯಾರನ್ನೂ ಕೇಳದೆ ಇದನ್ನು ಬರೆದೆ:

'ಸಂಸ್ಥೆಯ ಹಿರಿಯರಿಗೆ ನಮಸ್ಕಾರ. ನಿಮ್ಮ ಕಾಗದ ನನಗೆ ಓದಲು ಬರದ ಭಾಷೆಯಲ್ಲಿದೆ. ಅದರಲ್ಲಿ ಏನಿದೆ ಎಂದು ನನ್ನ ಮೊಮ್ಮಗಳು ಹೇಳಿದಳೋ ಅದನ್ನು ಮೇಲಿನ ಹಾಳೆಗಳಲ್ಲಿ ನಾನೇ ಬರೆದಿದ್ದೇನೆ. ನನ್ನ ಒಪ್ಪಿಗೆ ಇರುವುದು ನಾನು ಬರೆದದ್ದಕ್ಕೆ. ನಿಮ್ಮ ಕಾಗದದಲ್ಲಿ ಬೇರೆ ಏನಾದರೂ ಇದ್ದರೆ ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಪಾಸ್‌ಪೋರ್ಟು ಅವಳ ಕೈ ಬಿಡಬಾರದು. ಪ್ರತಿ ಶನಿವಾರ ಅವಳ ದನಿ ನನಗೆ ಕೇಳಿಸಬೇಕು. ಒಂದು ಶನಿವಾರ ಕೇಳಿಸದಿದ್ದರೆ ಭಾನುವಾರ ನಾನು ನಿಮ್ಮ ಬಾಗಿಲಲ್ಲಿ ಇರುತ್ತೇನೆ. ವಿಳಾಸ ನನ್ನ ಹತ್ತಿರ ಇದೆ. ಅವಳು ಉಳಿಯುವ ಮನೆಯ ತಾಯಿಗೆ ಎಷ್ಟು ಮಕ್ಕಳು ಎಂದು ದಯವಿಟ್ಟು ತಿಳಿಸಿ, ಶಾಲಿನ ಜೊತೆ ಟೋಪಿ ನೇಯಬೇಕು.'

ಬಿಪನಾ ಭುಜದ ಮೇಲಿಂದ ಓದುತ್ತಿದ್ದಳು. "ಬಜೈ, ಇದನ್ನ ನೋಡಿದ್ರೆ ಅವರು ಹೆದರ್ಕೊಳ್ತಾರೆ."

"ಹೆದರ್ಕೊಳ್ಳಲಿ. ನಾನೊಬ್ಳೇ ಯಾಕೆ ಹೆದರ್ಕೋಬೇಕು?"

ರತ್ನಮಾಯಾ ಹಳೆಯ ಅಭ್ಯಾಸದಿಂದ ಮಸಿಯ ಡಬ್ಬಿ ತಂದು ಮುಚ್ಚಳ ತೆಗೆದಿದ್ದಳು. "ಮುಚ್ಚು ಅದನ್ನ," ಎಂದೆ. ಅವರ ಕಾಗದದಲ್ಲಿ ಒಂದು ಕಡೆ, ನನ್ನದರಲ್ಲಿ ಹಾಳೆಗೊಂದರಂತೆ ಐದು ಕಡೆ, ಪೆನ್ನಿನಲ್ಲಿ ನನ್ನ ಹೆಸರು ಬರೆದೆ: ದಿಲ್‌ಸರಾ ಥಾಪಾ ಮಗರ್. ಐದನೆಯದು ಸ್ವಲ್ಪ ಸೊಟ್ಟಗಾಯಿತು.

"ನನ್ನ ಬಿಲ್ ಪುಸ್ತಕ ಇಂಥ ದೊಡ್ಡ ವ್ಯಾಪಾರ ನೋಡಿರ್ಲಿಲ್ಲ," ಎಂದು ರತ್ನಮಾಯಾ ಸೆರಗಿನಿಂದ ಮೂಗು ಒರೆಸಿಕೊಂಡಳು. "ಓಡ್ರೇ ಇನ್ನು!"

ಓಡುವ ಕಾಲು ನನ್ನವಲ್ಲ. ಬಿಪನಾ ಕೈ ಹಿಡಿದು ಇಳಿಸಿದಳು. ಎರಡೂ ಕಾಗದ ಹಾಕಿ ನಾನೇ ನಮ್ಮ ಅಕ್ಷರದಲ್ಲಿ ವಿಳಾಸ ಬರೆದ ಲಕೋಟೆ ನನ್ನ ಕೈಯಲ್ಲೇ ಇತ್ತು, ಅವಳಿಗೆ ಕೊಡಲಿಲ್ಲ. ಅಂಚೆ ಕಚೇರಿಯ ಹುಡುಗ ತಕ್ಕಡಿ ಎತ್ತಿಡುತ್ತಿದ್ದವನು ನಮ್ಮನ್ನು ಕಂಡು ಮತ್ತೆ ಇಟ್ಟ. ಲಕೋಟೆ ತೂಗಿದ, ಚೀಟಿ ಅಂಟಿಸಿದ. ಅಂಟಿಸಿದ್ದನ್ನು ನಾನು ಮತ್ತೆ ಕೈಗೆ ತೆಗೆದುಕೊಂಡದ್ದು ನನಗೇ ತಿಳಿದಿರಲಿಲ್ಲ. ಅವನು ಕಿಟಕಿಯಿಂದ ಕೈ ಚಾಚಿ ಹಿಡಿದು ಎಳೆದ. ಬರಲಿಲ್ಲ.

"ಆಮಾ, ಬಿಡಿ. ಇನ್ನೊಂದು ತುದಿ ನಿಮ್ಮ ಕೈಲೇ ಇದೆ."

"ಒಂದು ಗಳಿಗೆ ಇರು ಬಾಬು. ವಿಳಾಸ ಇನ್ನೊಂದ್ಸಲ ಓದ್ತೀನಿ."

ಬಿಪನಾ ಗಡಿಯಾರ ನೋಡಿದಳು. ನಾನು ಅಕ್ಷರಕ್ಕೊಂದು ಬೆರಳಿಟ್ಟು ದನಿ ಮಾಡಿ ಓದಿದೆ. ಸಂಸ್ಥೆಯ ಹೆಸರು, ಮನೆ ನಂಬರು, ಬೀದಿ, ಕಾಠ್ಮಂಡು. ಎಲ್ಲವೂ ಇತ್ತು. ಬೆರಳು ಬಿಚ್ಚಿದೆ. ಹುಡುಗ ಲಕೋಟೆ ಒಳಕ್ಕೆ ಎಳೆದುಕೊಂಡು ಆ ದಿನದ ಮುದ್ರೆಯನ್ನು ದಡ್ ಎಂದು ಒತ್ತಿ ಚೀಲದೊಳಗೆ ಹಾಕಿದ.